ಬಿಚ್ಚದ ಪೊಟ್ಟಣ

ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದಾಗ, ಮೊಮ್ಮಗ ಅಗ್ಗದ ಸಾಮಾನಿನ ಅಂಗಡಿಯಿಂದ ಎರಡು ಪೊಟ್ಟಣ ಬೇಸ್‌ಬಾಲ್ ಕಾರ್ಡು ತಂದ. 1990ರ ಸರಕು. ಬಿಚ್ಚಿದರೆ ಆಟಗಾರರ ಚಿತ್ರಗಳು, ಹಿಂಬದಿಯಲ್ಲಿ ಅವರ ಆಟದ ಲೆಕ್ಕ, ಜೊತೆಗೊಂದು ಕಲ್ಲಾದ ಚೂಯಿಂಗ್ ಗಮ್. ಮೂವತ್ತು ವರ್ಷ ದಾಟಿದ್ದು ಇಷ್ಟು ಅಗ್ಗವೇ ಎಂದು ಬೆರಗಾದೆ. ಅಲ್ಲೇ ಹುಟ್ಟಿ ಬೆಳೆದ ಅಳಿಯ ಸಪ್ಪೆಯಾಗಿ ನಕ್ಕ.

ಈ ಕಾರ್ಡುಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದವು. ಆಮೇಲೆ ಮಿಠಾಯಿ, ಗಮ್ಮುಗಳ ಜೊತೆಗೆ. ಮಕ್ಕಳು ಅವನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟಪಟಪ ಸದ್ದು ಮಾಡಿಸುತ್ತಿದ್ದರು. ತಾಯಂದಿರು ಕಸಕ್ಕೆ ಎಸೆಯುತ್ತಿದ್ದರು. 1952ರ ಸರಣಿಯಲ್ಲಿ ಮಾರಾಟವಾಗದೆ ಉಳಿದದ್ದನ್ನು 1960ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಟಾಪ್ಸ್ ಕಂಪನಿಯ ಸೈ ಬರ್ಗರ್ ಹೇಳಿದ್ದುಂಟು. ಅದೇ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು.

ಹಳೆಯ ಕಾರ್ಡುಗಳಿಗೆ ಬೆಲೆ ಬಂದದ್ದು ಕಂಡು 1980ರ ದಶಕದಲ್ಲಿ ಜನ ಹೊಸವನ್ನೂ ಕೂಡಿಡತೊಡಗಿದರು. ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಸೆಯುವವರೇ ಇರಲಿಲ್ಲ, ಹಾಗಾಗಿ ಅಪರೂಪವೂ ಆಗಲಿಲ್ಲ.

ಅಳಿಯನೂ ಹತ್ತನೆಯ ವಯಸ್ಸಿನಲ್ಲಿ, ನೆರೆಯವರ ಅಂಗಳದ ಹುಲ್ಲು ಕತ್ತರಿಸಿ ಗಳಿಸಿದ ಹಣದಲ್ಲಿ ಒಂದು ಪೆಟ್ಟಿಗೆ ಕೊಂಡಿದ್ದನಂತೆ. ಮುಂದೆ ಕಾಲೇಜಿನ ಫೀಜಿಗೆ ಆದೀತೆಂದು ಒಂದು ಪೊಟ್ಟಣವನ್ನೂ ಬಿಚ್ಚಿರಲಿಲ್ಲ.

ಆ ಸಂಜೆ ಅಟ್ಟದಿಂದ ಪೆಟ್ಟಿಗೆ ಇಳಿಸಿದ. ಅಪ್ಪ, ಮಗ ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿದರು. ತನ್ನ ಮೆಚ್ಚಿನ ಆಟಗಾರ ಬಂದನೆಂದು ಮೊದಲು ಕೂಗಿದವನು ಮೊಮ್ಮಗನಲ್ಲ, ಅಳಿಯ.