ಲೋಹಬಂಧಕ ಪ್ರೋಟೀನುಗಳು: ಶರೀರದಲ್ಲಿ ಕಬ್ಬಿಣ ಮತ್ತು ತಾಮ್ರ

ಕಬ್ಬಿಣ, ತಾಮ್ರ, ಸತು ಮುಂತಾದ ಲೋಹಗಳು ಅತ್ಯಲ್ಪ ಪ್ರಮಾಣದಲ್ಲಿ ಪ್ರಾಣಿಗಳ ಹಾಗೂ ಮನುಷ್ಯರ ಶರೀರಕ್ಕೆ ಅತ್ಯವಶ್ಯಕ. ಆದರೆ ಬಂಧನವಿಲ್ಲದೆ ಸಂಚರಿಸುವ ಕಬ್ಬಿಣ, ತಾಮ್ರಗಳು ಜೀವಕೋಶಗಳಿಗೆ ಹಾನಿಕರ. ಆದುದರಿಂದ ಇವುಗಳನ್ನು ಸಾಗಿಸಲು, ಸಂಗ್ರಹಿಸಲು ಮತ್ತು ಬಳಸಲು ಶರೀರದಲ್ಲಿ ಪ್ರತ್ಯೇಕ ಪ್ರೋಟೀನುಗಳಿವೆ. ಇವುಗಳನ್ನು ಲೋಹಬಂಧಕ ಪ್ರೋಟೀನುಗಳೆಂದು ಕರೆಯಲಾಗುತ್ತದೆ.

ಮನುಷ್ಯರ ಹಾಗೂ ಜಾನುವಾರುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ಇದರ ಪ್ರತಿ ಅಣುವಿನಲ್ಲಿ 4 ಕಬ್ಬಿಣದ ಪರಮಾಣುಗಳಿರುತ್ತವೆ. ಖಾನಾಪುರದ ಹಳ್ಳಗಳಲ್ಲಿ ಕಾಣುವ ಏಡಿಗಳಲ್ಲಿ ಇದೇ ಕಾರ್ಯವನ್ನು ತಾಮ್ರಯುಕ್ತ ಹಿಮೋಸಯಾನಿನ್ ನಿರ್ವಹಿಸುತ್ತದೆ. ಅವುಗಳ ರಕ್ತ ಕೆಂಪಾಗಿರದಿರಲು ಇದೇ ಕಾರಣ.

ವಯಸ್ಕರ ಶರೀರದಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣವಿದ್ದು, ಅದರ ಬಹುಪಾಲು ಹಿಮೋಗ್ಲೋಬಿನ್‌ನಲ್ಲಿರುತ್ತದೆ. ಟ್ರಾನ್ಸ್‌ಫೆರಿನ್ ಕಬ್ಬಿಣವನ್ನು ರಕ್ತದಲ್ಲಿ ಸಾಗಿಸುತ್ತದೆ. ಫೆರಿಟಿನ್ ಒಂದು ಉಗ್ರಾಣ: 24 ಉಪಘಟಕಗಳಿಂದಾದ ಈ ಟೊಳ್ಳು ಗೋಳದೊಳಗೆ ಸುಮಾರು 4,500 ಪರಮಾಣುಗಳವರೆಗೆ ಕಬ್ಬಿಣ ಹಿಡಿಯಬಲ್ಲದು. ಕಬ್ಬಿಣದ ಕೊರತೆಯಾದಾಗ ಮೊದಲು ಬರಿದಾಗುವುದು ಈ ಉಗ್ರಾಣವೇ; ಹಿಮೋಗ್ಲೋಬಿನ್ ಕುಸಿಯುವುದು ನಂತರ. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಪ್ರತಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದಲ್ಲಿ ಅದನ್ನು ಕೊರತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಸೋಂಕು ಅಥವಾ ಉರಿಯೂತ ಇರುವಾಗ ಫೆರಿಟಿನ್ ತಾನಾಗಿಯೇ ಏರುವುದರಿಂದ, ಜ್ವರದ ಸಮಯದ ವರದಿಯೊಂದನ್ನೇ ನಂಬಿ ಕೊರತೆಯಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆಯಿತ್ತು. ಶಿವಬಸವ ನಗರದ ಸಮೀಪದ ನೆಹರು ನಗರದಲ್ಲಿರುವ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು, 2021ರಲ್ಲಿ ಆರಂಭಗೊಂಡ 'ರ‍್ಯಾಪಿಡ್‌ಐರನ್' ಅಧ್ಯಯನದಲ್ಲಿ, ರಕ್ತಹೀನತೆಯುಳ್ಳ ಗರ್ಭಿಣಿಯರಿಗೆ ಮಾತ್ರೆ ನೀಡುವುದನ್ನೂ ರಕ್ತನಾಳದ ಮೂಲಕ ಒಂದೇ ಬಾರಿ ಕಬ್ಬಿಣ ನೀಡುವುದನ್ನೂ ಹೋಲಿಸಿದರು. ಗಮನಾರ್ಹವೆಂದರೆ, ಈ ಚುಚ್ಚುಮದ್ದಿನಲ್ಲಿಯೂ ಕಬ್ಬಿಣವು ಬಿಡಿಯಾಗಿರದೆ ಶರ್ಕರದೊಡನೆ ಬಂಧಿತವಾಗಿರುತ್ತದೆ. ಮಾತ್ರೆ ಸೇವಿಸುವವರು ಅದರೊಂದಿಗೆ ಚಹಾ ಕುಡಿಯಬಾರದು. ಚಹಾ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ.

ತಾಮ್ರದ ವಿಷಯದಲ್ಲಿ ತೊಂದರೆ ಹೆಚ್ಚಾಗಿ ವಿರುದ್ಧ ದಿಕ್ಕಿನದು. ಯಕೃತ್ತಿನಲ್ಲಿ ತಾಮ್ರವನ್ನು ಸಾಗಿಸುವ ಪ್ರೋಟೀನು ಆನುವಂಶಿಕವಾಗಿ ದೋಷಯುಕ್ತವಾದಲ್ಲಿ, ತಾಮ್ರವು ಯಕೃತ್ತು ಹಾಗೂ ಮಿದುಳಿನಲ್ಲಿ ಶೇಖರಗೊಳ್ಳುತ್ತದೆ. ಇದುವೇ ವಿಲ್ಸನ್ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಚಿಕಿತ್ಸೆಗೆ ಬಳಸುವ ಸತುವು ಕರುಳಿನ ಕೋಶಗಳಲ್ಲಿ ಮೆಟಲೋಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಅದು ಆಹಾರದ ತಾಮ್ರವನ್ನು ಹಿಡಿದಿಟ್ಟುಕೊಂಡು, ಕೋಶಗಳು ಉದುರುವಾಗ ಮಲದೊಡನೆ ಹೊರಹೋಗುತ್ತದೆ. ರೋಗಿಯ ಒಡಹುಟ್ಟಿದವರನ್ನೂ ತಪ್ಪದೆ ಪರೀಕ್ಷೆಗೆ ಒಳಪಡಿಸತಕ್ಕದ್ದು. ಲಕ್ಷಣಗಳು ಕಾಣುವ ಮೊದಲೇ ಚಿಕಿತ್ಸೆ ಆರಂಭಿಸಿದಲ್ಲಿ ಯಕೃತ್ತು ಹಾಗೂ ಮಿದುಳಿನ ಹಾನಿಯನ್ನು ತಡೆಗಟ್ಟಬಹುದಾಗಿದೆ.