ಮೊದಲ ಬಾರಿಗೆ ನಾಯಿ ಸಾಕುವ ರೈತ ಕುಟುಂಬಗಳಿಗೆ ತಳಿ ಆಯ್ಕೆಯ ಮಾರ್ಗದರ್ಶಿ

ಪೀಠಿಕೆ

ತೋಟದ ಮನೆ, ಕೊಟ್ಟಿಗೆ ಹಾಗೂ ಕಣದ ಕಾವಲಿಗೆ ನಾಯಿ ಸಾಕುವುದು ನಮ್ಮ ಕೃಷಿ ಬದುಕಿನ ಹಳೆಯ ರೂಢಿ. ಇತ್ತೀಚಿನ ವರ್ಷಗಳಲ್ಲಿ ಮೊಬೈಲಿನ ವಿಡಿಯೊಗಳನ್ನು ನೋಡಿ ಅಥವಾ ಪಟ್ಟಣದ ನೆಂಟರ ಮನೆಯಲ್ಲಿ ಕಂಡು, ತಳಿಯ ಹೆಸರಿಗೆ ಮನಸೋತು ಮರಿ ತರುವವರೂ ಹೆಚ್ಚಾಗಿದ್ದಾರೆ. ಬಿತ್ತನೆಗೆ ತಳಿ ಆರಿಸುವಾಗ ರೈತರು ಮಣ್ಣು, ಮಳೆ, ನೀರಿನ ಲಭ್ಯತೆ ಮತ್ತು ಮನೆಯಲ್ಲಿರುವ ಆಳುಬಲವನ್ನು ಲೆಕ್ಕ ಹಾಕುತ್ತಾರೆ. ನಾಯಿಯ ತಳಿಯನ್ನು ಆರಿಸುವಾಗಲೂ ಇದೇ ವಿವೇಚನೆ ಅಗತ್ಯ. ಹೊಂದದ ಬೆಳೆ ತಳಿಯನ್ನು ಮುಂದಿನ ಹಂಗಾಮಿನಲ್ಲಿ ಬದಲಿಸಬಹುದು. ನಾಯಿಯಾದರೋ ಸಾಮಾನ್ಯವಾಗಿ 10 ರಿಂದ 14 ವರ್ಷ ಮನೆಯಲ್ಲಿರುತ್ತದೆ. ಬೇಡವೆನಿಸಿದ ನಾಯಿಯನ್ನು ಹೆದ್ದಾರಿಯ ಬದಿಯಲ್ಲಿ ಬಿಟ್ಟು ಬಂದರೆ ಅದು ಲಸಿಕೆಯಿಲ್ಲದ ಬೀದಿನಾಯಿಯಾಗಿ ಅದೇ ಸೀಮೆಯ ಮಕ್ಕಳಿಗೂ ಕುರಿಗಳಿಗೂ ಅಪಾಯ ತರುತ್ತದೆ. ಆದ್ದರಿಂದ ಮರಿ ತರುವ ಮೊದಲೇ ಯೋಚಿಸುವುದು ಲೇಸು.

ಮರಿ ತರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಾಯಿ ಯಾವ ಕೆಲಸಕ್ಕೆ ಬೇಕು? ಅಪರಿಚಿತರು ಬಂದಾಗ ಬೊಗಳಿ ಎಚ್ಚರಿಸಲೋ, ಹೊಲಕ್ಕೆ ಬರುವ ಪ್ರಾಣಿಗಳನ್ನು ಬೆದರಿಸಲೋ, ಮಕ್ಕಳ ಒಡನಾಟಕ್ಕೋ? ಈ ಮೂರನ್ನೂ ಸಮನಾಗಿ ನಿರ್ವಹಿಸುವ ತಳಿ ವಿರಳ.

2. ದಿನವೂ ಯಾರು ನೋಡಿಕೊಳ್ಳುತ್ತಾರೆ? ನಾಟಿ, ಕಟಾವಿನ ದಿನಗಳಲ್ಲಿಯೂ ಆಹಾರ, ನೀರು ಮತ್ತು ಒಂದು ಗಂಟೆಯ ಓಡಾಟ ತಪ್ಪಬಾರದು. ಈ ಹೊಣೆ ಯಾರದೆಂದು ಮನೆಯವರೆಲ್ಲ ಕುಳಿತು ಮೊದಲೇ ತೀರ್ಮಾನಿಸಬೇಕು.

3. ಬೇಲಿ ಅಥವಾ ಕಾಂಪೌಂಡ್ ಇದೆಯೇ? ಅಕ್ಕಪಕ್ಕದಲ್ಲಿ ಕುರಿ, ಕೋಳಿ ಸಾಕುವವರಿದ್ದಾರೆಯೇ? ಸಮೀಪದಲ್ಲಿ ಅರಣ್ಯವಿದೆಯೇ?

4. ಮನೆಯಲ್ಲಿ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ಅಥವಾ ನಡೆಯಲು ಕಷ್ಟಪಡುವ ಹಿರಿಯರು ಇದ್ದಾರೆಯೇ? ಇದ್ದಲ್ಲಿ ಮೇಲೆರಗಿ ಆಡುವ ದೊಡ್ಡ ನಾಯಿ ಸೂಕ್ತವಲ್ಲ.

5. ಪಶು ಚಿಕಿತ್ಸಾಲಯ ಎಷ್ಟು ದೂರದಲ್ಲಿದೆ? ನಾಯಿಯ ಆಹಾರ, ಲಸಿಕೆ ಹಾಗೂ ಚಿಕಿತ್ಸೆಗೆ ವರ್ಷವಿಡೀ ಹಣ ಒದಗುವುದೇ? ಮರಿಯ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು, ಸಾಕಣೆಯ ವೆಚ್ಚ ಪ್ರತಿ ತಿಂಗಳೂ ಇರುತ್ತದೆ.

ಹವಾಮಾನ ಮತ್ತು ದೇಹರಚನೆ

ನಾಯಿಗಳು ಮನುಷ್ಯರಂತೆ ಮೈತುಂಬ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವ ಮೂಲಕ ಬಾಯಿ ಮತ್ತು ಮೂಗಿನ ತೇವವನ್ನು ಆವಿಯಾಗಿಸಿ ದೇಹದ ಶಾಖವನ್ನು ಹೊರಹಾಕುತ್ತವೆ. ಆದಕಾರಣ ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳು ಬಿಸಿಲಿನಲ್ಲಿ ಬೇಗನೆ ಬಳಲುತ್ತವೆ. ಸೈಬೀರಿಯನ್ ಹಸ್ಕಿ ಮತ್ತು ಸೇಂಟ್ ಬರ್ನಾರ್ಡ್ ತಳಿಗಳ ದಟ್ಟ ತುಪ್ಪಳ ಹಿಮ ಬೀಳುವ ನಾಡಿಗೆ ತಕ್ಕುದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರು ಭಾಗದಲ್ಲಿ ಇಂತಹ ನಾಯಿಯನ್ನು ತಗಡಿನ ಸೂರಿನ ಕೆಳಗೆ ಕಟ್ಟಿಹಾಕುವುದು ಅದಕ್ಕೆ ಹಿಂಸೆ. ಮಲೆನಾಡು ಮತ್ತು ಕರಾವಳಿಯಲ್ಲಿ ದಟ್ಟ ಕೂದಲು ಮಳೆಗಾಲವಿಡೀ ತೇವವಾಗಿದ್ದು ಚರ್ಮರೋಗ ಹಾಗೂ ಉಣ್ಣೆಗಳಿಗೆ ಆಸ್ಪದ ನೀಡುತ್ತದೆ. ಗಿಡ್ಡ ಕೂದಲು, ಉದ್ದ ಮೂತಿ ಹಾಗೂ ಮಧ್ಯಮ ಗಾತ್ರದ ನಾಯಿ ನಮ್ಮ ರಾಜ್ಯದ ಬಹುಪಾಲು ಪ್ರದೇಶಗಳಿಗೆ ಹೊಂದುತ್ತದೆ.

ನಮ್ಮಲ್ಲಿ ದೊರೆಯುವ ನಾಯಿಗಳು

ನಾಟಿ ನಾಯಿ: ಮೊದಲ ಬಾರಿಗೆ ಸಾಕುವ ರೈತ ಕುಟುಂಬಕ್ಕೆ ಇದು ಅತ್ಯಂತ ಸುರಕ್ಷಿತ ಆಯ್ಕೆ. ತಲೆಮಾರುಗಳಿಂದ ನಮ್ಮ ಬಿಸಿಲು, ಮಳೆ ಮತ್ತು ಆಹಾರಕ್ಕೆ ಒಗ್ಗಿಕೊಂಡಿದೆ. ಎಚ್ಚರ ಹೆಚ್ಚು, ಅಪರಿಚಿತರನ್ನು ಕಂಡೊಡನೆ ಬೊಗಳುತ್ತದೆ. ಊರಿನಲ್ಲಿ ಪರಿಚಿತರ ಮನೆಯ ಸೌಮ್ಯ ಸ್ವಭಾವದ ತಾಯಿಯ ಮರಿಯನ್ನು ಆರಿಸುವುದು ಉತ್ತಮ. ನಾಟಿ ನಾಯಿಗೆ ಲಸಿಕೆ ಬೇಡವೆಂಬ ನಂಬಿಕೆ ತಪ್ಪು. ಹುಚ್ಚುನಾಯಿ ರೋಗವು ತಳಿಯನ್ನು ನೋಡಿ ಬರುವುದಿಲ್ಲ.

ಮುಧೋಳ: ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಈ ತಳಿಯನ್ನು ಅಲ್ಲಿನ ಘೋರ್ಪಡೆ ರಾಜಮನೆತನ ಪೋಷಿಸಿತು. ಗಂಡು ನಾಯಿ ಸುಮಾರು 68 ರಿಂದ 72 ಸೆಂ.ಮೀ., ಹೆಣ್ಣು 64 ರಿಂದ 68 ಸೆಂ.ಮೀ. ಎತ್ತರವಿರುತ್ತದೆ. ಮೈಕಟ್ಟು ತೆಳು, ಎದೆ ಆಳ, ಕೂದಲು ಗಿಡ್ಡ. ಇದು ವಾಸನೆಗಿಂತ ಕಣ್ಣೋಟವನ್ನು ನೆಚ್ಚಿ ಬೆನ್ನಟ್ಟುವ ಬೇಟೆನಾಯಿ. ತೋಟದಲ್ಲಿ ಓಡಲು ಸುರಕ್ಷಿತ ಜಾಗವಿರುವವರಿಗೆ ಒಳ್ಳೆಯ ಸಂಗಾತಿ. ಆದರೆ ಕೊಳ್ಳುವ ಮೊದಲು ಮೂರು ಅಂಶಗಳನ್ನು ತಿಳಿದಿರಬೇಕು. ಮೊದಲನೆಯದಾಗಿ, ಸದಾ ಕಟ್ಟಿಹಾಕಿದರೆ ಇದರ ಆರೋಗ್ಯ ಮತ್ತು ಸ್ವಭಾವ ಎರಡೂ ಕೆಡುತ್ತವೆ. ಎರಡನೆಯದಾಗಿ, ಹೊಸಬರು ಮುಟ್ಟುವುದನ್ನು ಇದು ಇಷ್ಟಪಡುವುದಿಲ್ಲ. ಮೂರನೆಯದಾಗಿ, ಓಡುವುದನ್ನೆಲ್ಲ ಬೆನ್ನಟ್ಟುವುದು ಇದರ ಹುಟ್ಟುಗುಣ. ಮರಿಯಿದ್ದಾಗಲೇ ಕುರಿ, ಕೋಳಿಗಳ ನಡುವೆ ಬೆಳೆಸಿ ಪಳಗಿಸದಿದ್ದರೆ ನೆರೆಯವರೊಡನೆ ವ್ಯಾಜ್ಯ ತಪ್ಪದು. ನಾಯಿಯನ್ನು ಬಿಟ್ಟು ಮೊಲ, ಜಿಂಕೆ, ಕೃಷ್ಣಮೃಗಗಳನ್ನು ಬೇಟೆಯಾಡಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿಯಲ್ಲಿ ಅಪರಾಧ. ಬೀದರ್‌ನ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ಈ ತಳಿಯ ಬಗ್ಗೆ ವಿಚಾರಿಸಬಹುದು.

ರಾಜಪಾಳಯಂ: ತಮಿಳುನಾಡು ಮೂಲದ, ಬಿಳಿ ಮೈಬಣ್ಣದ ದೊಡ್ಡ ನಾಯಿ. ಒಬ್ಬಿಬ್ಬರಿಗೆ ಮಾತ್ರ ಒಗ್ಗುವ ಸ್ವಭಾವದ್ದಾದ್ದರಿಂದ ಹೆಚ್ಚು ಜನ ಬಂದು ಹೋಗುವ ಮನೆಗೆ ಹಾಗೂ ಹೊಸದಾಗಿ ಸಾಕುವವರಿಗೆ ಕಷ್ಟ. ಈ ತಳಿಯ ಕೆಲವು ಮರಿಗಳಲ್ಲಿ ಹುಟ್ಟು ಕಿವುಡುತನ ಕಂಡುಬರುತ್ತದೆ. ಮರಿಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ಅದು ತಿರುಗುವುದೇ ಎಂದು ಪರೀಕ್ಷಿಸಿರಿ.

ಲ್ಯಾಬ್ರಡಾರ್: ಮಕ್ಕಳೊಂದಿಗೆ ಹೊಂದಿಕೊಳ್ಳುವ, ಬೇಗ ಕಲಿಯುವ ತಳಿ. ಎಲ್ಲರೊಡನೆ ಸ್ನೇಹದಿಂದಿರುವ ಕಾರಣ ಕಾವಲಿಗೆ ಇದನ್ನು ನೆಚ್ಚುವಂತಿಲ್ಲ. ಹಾಕಿದಷ್ಟೂ ತಿಂದು ಬೊಜ್ಜು ಬೆಳೆಸಿಕೊಳ್ಳುತ್ತದೆ. ಸೊಂಟದ ಕೀಲಿನ ಅನುವಂಶೀಯ ದೋಷವೂ ಇದರಲ್ಲಿ ಸಾಮಾನ್ಯ.

ಜರ್ಮನ್ ಶೆಫರ್ಡ್: ಬುದ್ಧಿವಂತ ಕಾವಲು ನಾಯಿ. ಪ್ರತಿದಿನ ತರಬೇತಿ ಹಾಗೂ ವ್ಯಾಯಾಮ ನೀಡಲು ಬಿಡುವಿರುವವರಿಗೆ ಮಾತ್ರ ತಕ್ಕುದು. ಇದಕ್ಕೂ ಸೊಂಟದ ಕೀಲಿನ ತೊಂದರೆಯುಂಟು. ದಟ್ಟ ಕೂದಲಿನ ಕಾರಣ ಬೇಸಿಗೆಯಲ್ಲಿ ನೆರಳು, ತಂಪು ಅವಶ್ಯಕ.

ಪೊಮೆರೇನಿಯನ್ ಎಂದು ಕರೆಯಲ್ಪಡುವ ಸ್ಪಿಟ್ಜ್: ಚಿಕ್ಕ ಮನೆಗೆ ಸರಿಹೊಂದುವ, ಸದ್ದಾದರೆ ತಕ್ಷಣ ಬೊಗಳುವ ನಾಯಿ. ದಿನವೂ ಕೂದಲು ಬಾಚಬೇಕು.

ರಾಟ್‌ವೈಲರ್, ಪಿಟ್‌ಬುಲ್: ಇವುಗಳ ದೇಹಬಲ ಹಾಗೂ ಕಚ್ಚುವ ಶಕ್ತಿ ಅಧಿಕ. ಅನುಭವವಿಲ್ಲದವರು, ಅದರಲ್ಲೂ ಚಿಕ್ಕ ಮಕ್ಕಳಿರುವ ಮನೆಯವರು ಇವನ್ನು ತರಬಾರದು.

ಮರಿಯ ಆಯ್ಕೆ

• ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿಗಳ ಮಾರಾಟ ನಿಷಿದ್ಧ.
• ಸಾಧ್ಯವಾದಲ್ಲಿ ತಾಯಿಯನ್ನು ಕಣ್ಣಾರೆ ನೋಡಿ. ತಾಯಿ ಅತಿಯಾಗಿ ಹೆದರುವ ಅಥವಾ ಎರಗುವ ಸ್ವಭಾವದ್ದಾಗಿದ್ದರೆ ಆ ಮರಿ ಬೇಡ.
• ಕಣ್ಣು ಮತ್ತು ಮೂಗು ಸ್ವಚ್ಛವಾಗಿರಬೇಕು. ಹೊಟ್ಟೆಯುಬ್ಬರ, ಭೇದಿ, ಕೆಮ್ಮು ಇರಬಾರದು.
• ಮೂಲೆಯಲ್ಲಿ ಅಡಗುವ ಮರಿಯನ್ನೂ, ಉಳಿದವನ್ನು ಸದಾ ಕಚ್ಚುವ ಮರಿಯನ್ನೂ ಬಿಟ್ಟು, ಕರೆದರೆ ಕುತೂಹಲದಿಂದ ಹತ್ತಿರ ಬರುವ ಮರಿಯನ್ನು ಆರಿಸಿರಿ.
• ಲಸಿಕೆ ಹಾಗೂ ಜಂತುನಾಶಕ ನೀಡಿದ ದಾಖಲೆಯನ್ನು ಕೇಳಿ ಪಡೆಯಿರಿ.

ಹೆಣ್ಣು ಮರಿಯನ್ನು ಬೇಡವೆನ್ನುವವರು ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದಲ್ಲಿ ಹೆಣ್ಣು ನಾಯಿ ಅಲೆಯದೆ ಮನೆಯ ಬಳಿಯೇ ಉಳಿಯುವ ಉತ್ತಮ ಕಾವಲುಗಾರ.

ಆಹಾರ ಮತ್ತು ವಸತಿ

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು, ಆರು ತಿಂಗಳವರೆಗೆ ಮೂರು, ನಂತರ ಎರಡು ಬಾರಿ ಆಹಾರ ನೀಡಬೇಕು. ಅನ್ನ ಅಥವಾ ಮುದ್ದೆಯೊಂದೇ ಸಾಲದು. ಬೇಯಿಸಿದ ಮೊಟ್ಟೆ, ಮಾಂಸ, ಬೇಳೆಗಳಿಂದ ಪ್ರೋಟೀನ್ ಒದಗಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಹಾಗೂ ಚಾಕೊಲೇಟ್ ನಾಯಿಗೆ ವಿಷ. ದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದಾದ್ದರಿಂದ ದ್ರಾಕ್ಷಿ ಬೆಳೆಗಾರರು ಉದುರಿದ ಹಣ್ಣು ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಇಲಿ ಪಾಷಾಣ, ಬಸವನಹುಳುವಿಗೆ ಇಡುವ ವಿಷದ ಗುಳಿಗೆ ಮತ್ತು ಕೀಟನಾಶಕಗಳ ಖಾಲಿ ಡಬ್ಬಿಗಳನ್ನು ಎಟುಕದಂತೆ ಇಡಿರಿ.

ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿದರೆ ನಾಯಿ ಚುರುಕಾಗುತ್ತದೆ ಎಂಬ ನಂಬಿಕೆಯಿದೆ. ಹಾಗೆ ಕಟ್ಟಿದ ನಾಯಿ ಕ್ರಮೇಣ ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕೆಂಬ ವಿವೇಚನೆ ಕಳೆದುಕೊಂಡು, ಸರಪಳಿ ಕಳಚಿದ ದಿನ ಮನೆಯ ಮಗುವನ್ನೇ ಕಚ್ಚಬಹುದು. ಚಿರತೆ ಸಂಚಾರವಿರುವ ಕಡೆ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಯು ಚಿರತೆಯನ್ನು ಮನೆಬಾಗಿಲಿಗೆ ಕರೆದಂತೆಯೇ ಸರಿ. ಅಲ್ಲಿ ಬಾಗಿಲಿರುವ ಭದ್ರ ಗೂಡು ಕಡ್ಡಾಯ.

ಲಸಿಕೆ ಮತ್ತು ಜಂತುನಾಶಕ

• 6 ರಿಂದ 8 ವಾರ: ಡಿಸ್ಟೆಂಪರ್, ಪಾರ್ವೊ ಮೊದಲಾದ ರೋಗಗಳ ಸಂಯುಕ್ತ ಲಸಿಕೆ. 16 ವಾರ ತುಂಬುವವರೆಗೆ 3-4 ವಾರಗಳ ಅಂತರದಲ್ಲಿ ಪುನರಾವರ್ತನೆ.
• 3 ತಿಂಗಳು: ರೇಬೀಸ್ ಲಸಿಕೆ. ಬಳಿಕ ಪಶುವೈದ್ಯರು ತಿಳಿಸಿದಂತೆ ವರ್ಧಕ ಲಸಿಕೆ, ನಂತರ ಪ್ರತಿ ವರ್ಷ.
• ಜಂತುನಾಶಕ: ಮೂರು ತಿಂಗಳವರೆಗೆ 2-3 ವಾರಗಳಿಗೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ತದನಂತರ ಮೂರು ತಿಂಗಳಿಗೊಮ್ಮೆ.

ದನಗಳಿಗೆ ತಂದ ಉಣ್ಣೆನಾಶಕ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಹಾಕಬಾರದು. ನಾಯಿಗೆ ತಕ್ಕ ಔಷಧಿ ಮತ್ತು ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು.

ಯಾವುದೇ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಸುಣ್ಣ, ಅರಿಶಿಣ, ಖಾರದಪುಡಿ ಹಚ್ಚಬಾರದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಅತಿ ವಿರಳ. ಮನೆಯ ನಾಯಿ, ಚಿಕ್ಕ ಮರಿ ಎಂಬ ಸಲುಗೆಯಿಂದ ತಡಮಾಡುವುದು ಪ್ರಾಣಕ್ಕೆ ಎರವಾಗಬಹುದು.

ಜಾನುವಾರುಗಳಿರುವ ಮನೆಗಳಿಗೆ ವಿಶೇಷ ಸೂಚನೆ

ಕುರಿಯ ಹಸಿ ತಲೆ ಮತ್ತು ಮಿದುಳನ್ನು ನಾಯಿಗೆ ಹಾಕಬಾರದು. ಅದರಲ್ಲಿರುವ ನೀರುಗುಳ್ಳೆಗಳು ನಾಯಿಯ ಕರುಳಿನಲ್ಲಿ ಲಾಡಿಹುಳುಗಳಾಗಿ ಬೆಳೆಯುತ್ತವೆ. ನಾಯಿಯ ಮಲದ ಮೂಲಕ ಮೇವಿಗೆ ಸೇರಿದ ಮೊಟ್ಟೆಗಳು ಇತರ ಕುರಿಗಳ ಮಿದುಳನ್ನು ಹೊಕ್ಕು, ಅವು ಒಂದೇ ಕಡೆಗೆ ಸುತ್ತುತ್ತಾ ಸಾಯುತ್ತವೆ. ಹಸಿ ಯಕೃತ್ತು ಮತ್ತು ಶ್ವಾಸಕೋಶದಿಂದ ಬರುವ ಇನ್ನೊಂದು ಲಾಡಿಹುಳು ಮನುಷ್ಯರ ಯಕೃತ್ತಿನಲ್ಲಿಯೂ ನೀರುಗುಳ್ಳೆ ಉಂಟುಮಾಡುತ್ತದೆ. ಹಸು ಈದ ನಂತರ ಬೀಳುವ ಮಾಸು ಮತ್ತು ಕಂದುಹಾಕಿದ ಕರುವನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳಿರಿ. ನಾಯಿಗಳ ಮೂಲಕ ಹರಡುವ ನಿಯೋಸ್ಪೊರಾ ಎಂಬ ಪರೋಪಜೀವಿ ಹಸುಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುತ್ತದೆ. ಮೇವಿನ ಬಣವೆಯ ಮೇಲೆ ನಾಯಿ ಮಲಗಲು ಬಿಡಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ರೈತರು ತಳಿಯ ಹೆಸರು ಹಿಡಿದು ಸಲಹೆ ಕೇಳಿದಾಗ ಮೇಲಿನ ಐದು ಪ್ರಶ್ನೆಗಳಿಂದ ಮಾತು ಆರಂಭಿಸಿರಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ಗ್ರಾಮ ಪಂಚಾಯಿತಿ ಹಾಗೂ ಪಶುಪಾಲನಾ ಇಲಾಖೆಯ ಸಹಯೋಗದಲ್ಲಿ ಲಸಿಕಾ ಶಿಬಿರ ಏರ್ಪಡಿಸಬಹುದು. ಶಾಲಾ ಮಕ್ಕಳಿಗೆ ಎರಡು ವಿಷಯ ತಪ್ಪದೆ ತಿಳಿಸಿರಿ: ಉಣ್ಣುತ್ತಿರುವ ಅಥವಾ ಮರಿಗಳೊಡನಿರುವ ನಾಯಿಯನ್ನು ಮುಟ್ಟಬಾರದು, ಕಚ್ಚಿದ್ದನ್ನು ಮನೆಯಲ್ಲಿ ಮುಚ್ಚಿಡಬಾರದು.

ನೆನಪಿಡಬೇಕಾದ ಅಂಶಗಳು

• ಕೆಲಸ, ಹವಾಮಾನ, ಜಾಗ ಮತ್ತು ಬಿಡುವು ಇವನ್ನು ನೋಡಿ ತಳಿ ಆರಿಸಿರಿ.
• ಮೊದಲ ನಾಯಿಯಾಗಿ ಒಳ್ಳೆಯ ತಾಯಿಯ ನಾಟಿ ಮರಿ ಉತ್ತಮ. ಓಡಲು ಜಾಗ ಹಾಗೂ ಪಳಗಿಸುವ ತಾಳ್ಮೆ ಇದ್ದಲ್ಲಿ ಮುಧೋಳ.
• ರೇಬೀಸ್ ಲಸಿಕೆ ಒಂದು ವರ್ಷವೂ ತಪ್ಪಬಾರದು.
• ಹತ್ತು ವರ್ಷ ಸಾಕುವ ಭರವಸೆ ಇಲ್ಲದಿದ್ದರೆ ಮರಿ ತರುವುದನ್ನು ಮುಂದೂಡುವುದೇ ಸರಿಯಾದ ನಿರ್ಧಾರ.

ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಚಿಕಿತ್ಸಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರದ ಪಶು ವಿಜ್ಞಾನ ವಿಷಯ ತಜ್ಞರನ್ನು ಸಂಪರ್ಕಿಸಿರಿ.