ಮರೆಯಾದ ಹೆಸರುಗಳು

ನಾಮಕರಣವು ಷೋಡಶ ಸಂಸ್ಕಾರಗಳಲ್ಲೊಂದು. ಹೆಣ್ಣುಮಗುವಿನ ಹೆಸರು ಸುಖವಾಗಿ ಉಚ್ಚರಿಸಲು ಬರುವಂತಿರಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ನಮ್ಮ ಗುಡವಿಯ ಸುತ್ತಣ ಸೀಮೆಯಲ್ಲಿ ಪೂರ್ವಿಕರು ಎಂತಹ ಹೆಸರುಗಳನ್ನು ಇಟ್ಟುಕೊಂಡಿದ್ದರೆಂಬುದಕ್ಕೆ ಶಿಲಾಶಾಸನಗಳೇ ಸಾಕ್ಷಿಯಾಗಿವೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಸಂಸ್ಕೃತಕಾವ್ಯ. 5ನೆಯ ಶತಮಾನದ ಆ ಬರಹದಲ್ಲಿ ಮಯೂರಶರ್ಮ, ಕಾಕುಸ್ಥವರ್ಮ, ಶಾಂತಿವರ್ಮ ಎಂಬ ನಾಮಗಳು ಮೆರೆಯುತ್ತವೆ. ಅದೇ ತಾಲ್ಲೂಕಿನ ಬಂದಳಿಕೆಯಲ್ಲಿ ಕೇಳಿಬರುವ ದನಿಯೇ ಬೇರೆ. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲಕ್ಕೆ, ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಗತಿಸಲಾಗಿ, ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ಬಂದಿತು. ಆಕೆ ನಾಡನ್ನು ಸಮರ್ಥೆಯಾಗಿ ಆಳಿ, ಕಡೆಗೆ ರೋಗಪೀಡಿತಳಾಗಿ, ಬಂದಳಿಕೆಯಲ್ಲಿ ವ್ರತದಿಂದ ದೇಹತ್ಯಾಗ ಮಾಡಿದಳು.

ಯಕ್ಷಿಯೇ ಜಕ್ಕಿ, ಅಬ್ಬೆಯೆಂದರೆ ತಾಯಿ. ಆ ಕೃಷ್ಣಭೂಪನೂ ಶಾಸನಗಳಲ್ಲಿ ಕನ್ನರನೇ. ಬಳ್ಳಿಗಾವೆಯಿಂದ ಹೋಗಿ ಬೇಲೂರಿನ ದೇಗುಲದಲ್ಲಿ ವಿಗ್ರಹಗಳನ್ನು ಕಡೆದ ಶಿಲ್ಪಿ ದಾಸೋಜನ ಹೆಸರಿನ ‘ಓಜ’ವು ಉಪಾಧ್ಯಾಯ ಶಬ್ದದ ತದ್ಭವ. ಹಾಗೆಯೇ ಬ್ರಹ್ಮನು ಬೊಮ್ಮನಾದನು, ಸಿಂಹವು ಸಿಂಗವಾಯಿತು, ಲಕ್ಷ್ಮಿಯು ಲಕ್ಕಿಯಾದಳು. ಇವನ್ನು ಅಪಶಬ್ದಗಳೆಂದು ಹಳಿಯಲಾಗದು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂತಹ ಮಾರ್ಪಾಟುಗಳಿಗೆಂದೇ ಅಪಭ್ರಂಶಪ್ರಕರಣವನ್ನು ರಚಿಸಿದ್ದಾನೆ.

ಜಕ್ಕವ್ವ, ಲಕ್ಕವ್ವ, ಬೊಮ್ಮಯ್ಯ, ಸಿಂಗಪ್ಪ ಎಂಬಿವು ನಮ್ಮ ಅಜ್ಜ ಅಜ್ಜಿಯರ ಕಾಲದವರೆಗೂ ಬಾಳಿದವು. ಈಗ ತೊಟ್ಟಿಲ ಬಳಿ ಕೇಳಿಬರುವುದು ಅಪೂರ್ವ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ, ಮೃತ್ಯುವಿನ ಕಣ್ಣು ತಪ್ಪಿಸಲೆಂದು ತಿಪ್ಪೆಯ ಹೆಸರಿನಿಂದ ಕರೆಯುತ್ತಿದ್ದ ತಿಪ್ಪಯ್ಯ, ತಿಪ್ಪವ್ವ ಎಂಬುವೂ ವಿರಳವಾದವು. ಆ ಭಯವು ತಗ್ಗಿದುದು ಸಂತೋಷದ ಸಂಗತಿಯಾದುದರಿಂದ ಇವುಗಳಿಗಾಗಿ ಮರುಗಬೇಕಾದುದಿಲ್ಲ.

ಆದರೆ ಮೊದಲಿನವುಗಳ ಲೋಪದಲ್ಲಿ ನನ್ನ ಪಾಲೂ ಉಂಟು. ಶಾಲೆಯ ದಾಖಲೆ ಪುಸ್ತಕವನ್ನು ಬರೆಯುವಾಗ, ಒಬ್ಬ ರೈತನು ಮಗಳ ಹೆಸರು ಲಕ್ಕವ್ವ ಎನ್ನಲು, ಪಾಠಶಾಲೆಯ ವ್ಯಾಕರಣಾಭಿಮಾನದಿಂದ ನಾನು ಲಕ್ಷ್ಮಿ ಎಂದು ತಿದ್ದಿದೆನು. “ಅದು ನಮ್ಮವ್ವನ ಹೆಸರು, ಮೇಷ್ಟ್ರೇ” ಎಂದನು. “ಎರಡೂ ಒಂದೇ” ಎಂದು ಉತ್ತರಿಸಿದೆನು. ಅರ್ಥವು ಒಂದೇ ಅಹುದು; ಆದರೆ ಅಜ್ಜಿಯ ಹೆಸರು ಮೊಮ್ಮಗಳಿಗೆ ದಕ್ಕದೆ ಹೋಯಿತು. ಓಜನಾದವನೇ ತದ್ಭವವನ್ನು ಅಳಿಸಿದಂತಾಯಿತು!

ಮಕ್ಕಳಿಗೆ ಇಚ್ಛೆಬಂದ ಹೆಸರನ್ನಿಡುವುದು ತಾಯಿತಂದೆಗಳ ಹಕ್ಕು. ಆದರೂ ನಾಮಕರಣದ ದಿನ ಮನೆಯ ಹಿರಿಯರನ್ನು ಕೂರಿಸಿ, ಅವರು ಬಲ್ಲಷ್ಟು ತಲೆಮಾರುಗಳ ಹೆಸರುಗಳನ್ನು ಬರೆದಿಡಲೆಂದು ವಾಚಕರಲ್ಲಿ ಬಿನ್ನವಿಸುತ್ತೇನೆ. ಜಕ್ಕಿಯಬ್ಬೆಯ ಹೆಸರನ್ನು ಕಲ್ಲು ಕಾಪಾಡಿತು. ನಮ್ಮ ಅಜ್ಜಿಯರಿಗೆ ಆ ಕಲ್ಲಿಲ್ಲ.